ರೂವಾರಿಯ ಕೈಗುಣ

ಒಂದೇ ಅಂಗಡಿಯ ಬೇಳೆ, ಒಂದೇ ಡಬ್ಬಿಯ ಸಾರಿನ ಪುಡಿ, ಒಂದೇ ಬಾವಿಯ ನೀರು. ಆದರೂ ಅತ್ತೆ ಮಾಡಿದ ಸಾರಿಗೂ ಸೊಸೆ ಮಾಡಿದ ಸಾರಿಗೂ ರುಚಿಯಲ್ಲಿ ವ್ಯತ್ಯಾಸ ಉಂಟು. ನಮ್ಮ ಜನ ಇದನ್ನು ಕೈಗುಣ ಎಂದು ಕರೆದರು. ಅಡುಗೆಯವರಿಗೆ ಕೈಗುಣ, ಮದ್ದು ಕೊಡುವ ಪಂಡಿತನಿಗೆ ಕೈಗುಣ, ಬೀಜ ಬಿತ್ತುವವನಿಗೂ ಕೈಗುಣ. ಚಿತ್ರ ಬರೆಯುವವರೂ ಕವಿತೆ ಬರೆಯುವವರೂ ಇದೇ ವಸ್ತುವನ್ನು 'ಸ್ವಂತ ಶೈಲಿ' ಎಂದು ಕರೆಯುತ್ತಾರೆ. ಹೆಸರು ಬದಲಾದೊಡನೆ ಅದರ ಸುತ್ತ ಒಂದು ಆತಂಕವೂ ಹುಟ್ಟಿಕೊಂಡಿದೆ. ಕುಂಚ ಹಿಡಿದು ಎರಡು ವರ್ಷ ಕಳೆಯುವುದರೊಳಗೆ, ನನ್ನ ಶೈಲಿ ಯಾವುದು, ಅದು ಇನ್ನೂ ಏಕೆ ಬಂದಿಲ್ಲ ಎಂದು ತರುಣರು ಕಳವಳಪಡುವುದನ್ನು ನಾನು ಕಂಡಿದ್ದೇನೆ. ಈ ಕಳವಳಕ್ಕೆ ಎಂಟು ನೂರು ವರ್ಷಗಳ ಹಿಂದಿನ ನಮ್ಮ ಕಲ್ಲುಕುಟಿಗರಲ್ಲಿ ಒಂದು ಉತ್ತರವಿದೆಯೆಂದು ನನ್ನ ನಂಬಿಕೆ. ಅದನ್ನು ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ನಾನು ಕಾಲೇಜಿನಲ್ಲಿ ಇತಿಹಾಸದ ಪಾಠ ಹೇಳುತ್ತಿದ್ದ ದಿನಗಳಲ್ಲಿ, ಪ್ರತಿ ವರ್ಷವೂ ತಪ್ಪದೆ ಒಂದು ಮಾತನ್ನು ಹೇಳುತ್ತಿದ್ದೆ. ಭಾರತದ ಕಲಾವಿದ ಅನಾಮಿಕ. ಅವನಿಗೆ ತನ್ನ ಹೆಸರಿನ ಹಂಬಲವಿರಲಿಲ್ಲ. ಶಾಸ್ತ್ರ ಹೇಳಿದಂತೆ ಅವನ ಉಳಿ ನಡೆಯಿತು, ಅವನು ಮರೆಯಾದ ಎಂದು. ಆನಂದ ಕುಮಾರಸ್ವಾಮಿಯವರ ಗ್ರಂಥಗಳನ್ನು ಓದಿ ಬೆಳೆದ ನಮ್ಮ ತಲೆಮಾರಿಗೆ ಈ ಮಾತು ಮಂತ್ರದಂತೆ ಬಾಯಿಗೆ ಬರುತ್ತಿತ್ತು. ಕೇಳುವುದಕ್ಕೂ ಅದು ಸೊಗಸು. ಹುಡುಗರು ತಲೆದೂಗುತ್ತಿದ್ದರು, ನನಗೂ ತೃಪ್ತಿಯಾಗುತ್ತಿತ್ತು.

ಒಂದು ಸಲ ವಿದ್ಯಾರ್ಥಿಗಳನ್ನು ಕರೆದುಕೊಂಡು ನುಗ್ಗೇಹಳ್ಳಿಗೆ ಹೋಗಿದ್ದೆ. ಚನ್ನರಾಯಪಟ್ಟಣದಿಂದ ತಿಪಟೂರಿನ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಊರು ಅದು. ಅಲ್ಲಿ ೧೨೪೬ರಲ್ಲಿ ಹೊಯ್ಸಳ ಸೋಮೇಶ್ವರನ ದಂಡನಾಯಕನಾದ ಬೊಮ್ಮಣ್ಣನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಮೂರು ಗರ್ಭಗುಡಿಗಳ ಗುಡಿ. ಗೋಡೆಯ ತುಂಬ ಸಾಲುಸಾಲಾಗಿ ಮೂರ್ತಿಗಳು. ನಾನು ಎಂದಿನಂತೆ ಜಗತಿಯ ಮೇಲೆ ನಿಂತು ಅನಾಮಿಕತೆಯ ಉಪನ್ಯಾಸ ಆರಂಭಿಸಿದೆ. ಗುಂಪಿನಲ್ಲಿ ಬಡಗಿಯ ಮನೆಯ ಹುಡುಗನೊಬ್ಬನಿದ್ದ. ತರಗತಿಯಲ್ಲಿ ಬಾಯಿ ಬಿಡದವನು. ಅವನು ನನ್ನ ಮಾತು ಕೇಳದೆ ಗುಡಿಯನ್ನು ಎರಡು ಸುತ್ತು ಹಾಕಿ ಬಂದು ಮೆಲ್ಲನೆ ಕೇಳಿದ: "ಸಾರ್, ತೆಂಕಣ ಗೋಡೆ ಮಾಡಿದವರು ಬೇರೆ, ಬಡಗಣ ಗೋಡೆ ಮಾಡಿದವರು ಬೇರೆ ಅಲ್ಲವೆ?" ಹೇಗೆ ಹೇಳುತ್ತೀಯಪ್ಪ ಎಂದೆ. "ಕೈ ಬೇರೆ ಕಾಣುತ್ತದೆ ಸಾರ್" ಎಂದ. ಅದಕ್ಕಿಂತ ಹೆಚ್ಚಿನ ವಿವರಣೆ ಅವನಲ್ಲಿರಲಿಲ್ಲ.

ನಾನು ನಕ್ಕು ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟೆ. ಊರಿಗೆ ಹಿಂದಿರುಗಿ, ಮನಸ್ಸು ಒಪ್ಪದೆ, ಪುಸ್ತಕ ತೆರೆದು ನೋಡಿದೆ. ಹುಡುಗ ಹೇಳಿದ್ದು ನಿಜವಾಗಿತ್ತು. ತೆಂಕಣ ಗೋಡೆಯ ಮೂರ್ತಿಗಳು ನಂದಿಯ ಬೈಚೋಜನವು. ಬಡಗಣ ಗೋಡೆಯವು ಮಲ್ಲಿತಮ್ಮನವು. ಇಬ್ಬರೂ ತಮ್ಮ ಹೆಸರನ್ನು ಕಲ್ಲಿನಲ್ಲಿ ಕಂಡರಿಸಿ ಹೋಗಿದ್ದಾರೆ. ಹಳಗನ್ನಡ ಅಕ್ಷರ ಓದಬಲ್ಲ ನಾನು ಆ ಗೋಡೆಯ ಮುಂದೆ ನಿಂತು, ಇವರಿಗೆ ಹೆಸರಿಲ್ಲ ಎಂದು ಬೋಧಿಸಿದ್ದೆ. ಅಕ್ಷರ ಓದದ ಹುಡುಗ ಕೈಯನ್ನು ಓದಿದ್ದ.

ಆ ದಿನದಿಂದ ನನ್ನ ಹಳೆಯ ಮಾತನ್ನು ಬಿಟ್ಟು ಈ ಹೆಸರುಗಳ ಬೆನ್ನು ಹತ್ತಿದೆ. ನೋಡಿದಷ್ಟೂ ಹೆಸರುಗಳು. ಎಂಟನೆಯ ಶತಮಾನದ ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿ ಕಟ್ಟಿಸಿದ ಗುಡಿಯ, ಎಂದರೆ ಇಂದು ವಿರೂಪಾಕ್ಷ ದೇವಾಲಯವೆಂದು ಕರೆಯುವ ಗುಡಿಯ ಸೂತ್ರಧಾರಿ ಗುಂಡ. ಅವನಿಗೆ ಅನಿವಾರಿತಾಚಾರಿ ಎಂಬ ಬಿರುದು. ಅದೇ ಊರಿನ ಪಾಪನಾಥ ಗುಡಿಯಲ್ಲಿ ರೇವಡಿ ಓವಜ್ಜನ ಹೆಸರಿದೆ. ಹನ್ನೆರಡನೆಯ ಶತಮಾನಕ್ಕೆ ಬಂದರೆ ಈ ತೊರೆ ಹೊಳೆಯಾಗುತ್ತದೆ. ೧೧೧೭ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ ಗುಡಿಯಲ್ಲಿ, ಅಲ್ಲಮಪ್ರಭುವಿನ ಹೆಸರಿನೊಡನೆ ನಾವು ನೆನೆಯುವ ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ, ಗದುಗಿನ ಕಡೆಯಿಂದ ಬಂದ ನಾಗೋಜ ಮೊದಲಾದವರ ಅಂಕಿತಗಳು ದೊರೆಯುತ್ತವೆ. ಉಪಾಧ್ಯಾಯ ಎಂಬ ಶಬ್ದವೇ ಸವೆದು ಓಜ ಎಂದಾಗಿದೆ. ರೂಪಕಾರಿ ಎಂಬುದು ರೂವಾರಿಯಾಗಿದೆ. ಈ ಓಜರೂ ರೂವಾರಿಗಳೂ ಸಂಕೋಚದ ಜನರಾಗಿರಲಿಲ್ಲ. ಬಿರುದುಳ್ಳ ರೂವಾರಿಗಳೆಂಬ ಮನ್ಮಥರಿಗೆ ತಾನು ಮಹೇಶ್ವರ ಎಂದು ಒಬ್ಬ ಹೇಳಿಕೊಂಡಿದ್ದಾನೆ. ಅಂಥವರ ಕೊರಳಿಗೆ ತಾನು ದೊಡ್ಡ ಕತ್ತರಿ ಎಂಬ ಅರ್ಥದ ಬಿರುದು ಇನ್ನೊಬ್ಬನದು. ನಮ್ಮ ಹಳಗನ್ನಡ ಕವಿಗಳ ಆತ್ಮಪ್ರಶಂಸೆಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಅನಾಮಿಕರೆಂದು ನಾನು ಕರೆದವರು ಇವರು!

ಈ ಹೆಸರುಗಳನ್ನು ಕಲೆಹಾಕಿ ನಮ್ಮ ಕೈಗಿತ್ತವರಲ್ಲಿ ಮೊದಲಿಗೆ ನೆನೆಯಬೇಕಾದವರು ಆರ್. ನರಸಿಂಹಾಚಾರ್ಯರು. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದಾಗ ಅವರು ಸೋಮನಾಥಪುರವನ್ನು ಕುರಿತು ೧೯೧೭ರಲ್ಲೂ ಬೇಲೂರನ್ನು ಕುರಿತು ೧೯೧೯ರಲ್ಲೂ ಗ್ರಂಥಗಳನ್ನು ಪ್ರಕಟಿಸಿದರು. 'ಕರ್ಣಾಟಕ ಕವಿಚರಿತೆ'ಯನ್ನು ಬರೆದವರೂ ಅವರೇ. ಓಲೆಗರಿಗಳಲ್ಲಿ ಕವಿಗಳ ಹೆಸರನ್ನು ಹುಡುಕಿದ ಕಣ್ಣೇ ಕಲ್ಲಿನ ಪೀಠಗಳಲ್ಲಿ ರೂವಾರಿಗಳ ಹೆಸರನ್ನೂ ಹುಡುಕಿತು. ಮುಂದೆ ಎಸ್. ಶೆಟ್ಟರ್ ಅವರು ಶಿಲ್ಪಿಗಳ ಈ ಲೋಕವನ್ನು ಇನ್ನಷ್ಟು ಆಳವಾಗಿ ಶೋಧಿಸಿದರು. ಆದರೆ ಕವಿಚರಿತೆ ಮನೆಮನೆಗೆ ಪರಿಚಿತವಾದಂತೆ ರೂವಾರಿಗಳ ಚರಿತೆ ಆಗಲಿಲ್ಲ.

ಹೆಸರಿದ್ದ ಮಾತ್ರಕ್ಕೆ ಶೈಲಿ ಇತ್ತೆಂದು ಹೇಗೆ ಹೇಳುವುದು? ಕೂಲಿಯ ಲೆಕ್ಕಕ್ಕಾಗಿ ಹೆಸರು ಕೊರೆದಿರಬಾರದೇಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆದ್ದರಿಂದ ಹೆಸರನ್ನು ಬದಿಗಿಟ್ಟು ಕೆಲಸವನ್ನು ನೋಡೋಣ. ರೂವಾರಿಗೆ ಎಷ್ಟು ಸ್ವಾತಂತ್ರ್ಯವಿತ್ತು? ಮೇಲುನೋಟಕ್ಕೆ ಏನೂ ಇರಲಿಲ್ಲ. ಮೂರ್ತಿಯ ಅಳತೆ ತಾಳಮಾನದಲ್ಲಿ ಮೊದಲೇ ನಿಶ್ಚಯವಾಗಿರುತ್ತದೆ. ಮುಖದ ಉದ್ದ ಒಂದು ತಾಳ. ತಾಳಕ್ಕೆ ೧೨ ಅಂಗುಲ. ದೇವರಿಗೆ ಇಷ್ಟು ತಾಳ, ಮನುಷ್ಯರಿಗೆ ಇಷ್ಟು, ಕುಬ್ಜರಿಗೆ ಇಷ್ಟು. ಯಾವ ಕೈಯಲ್ಲಿ ಯಾವ ಆಯುಧ, ಯಾವ ದೇವರಿಗೆ ಯಾವ ವಾಹನ, ಎಲ್ಲಕ್ಕೂ ಕಟ್ಟಳೆ.

ಇದರ ಪರಾಕಾಷ್ಠೆಯನ್ನು ಕಾಣಬೇಕಾದರೆ ವಿಷ್ಣುವಿನ ಚತುರ್ವಿಂಶತಿ ಮೂರ್ತಿಗಳನ್ನು ನೋಡಬೇಕು. ನಾವು ಸಂಧ್ಯಾವಂದನೆಯಲ್ಲಿ ಕೇಶವ, ನಾರಾಯಣ, ಮಾಧವ ಎಂದು ಹೇಳುವ ಇಪ್ಪತ್ತನಾಲ್ಕು ನಾಮಗಳ ಮೂರ್ತಿಗಳವು. ಎಲ್ಲವೂ ನೆಟ್ಟಗೆ ನಿಂತ ನಾಲ್ಕು ಕೈಗಳ ವಿಷ್ಣುವೇ. ಎಲ್ಲಕ್ಕೂ ಶಂಖ, ಚಕ್ರ, ಗದೆ, ಪದ್ಮಗಳೇ. ಕೆಳಗಿನ ಬಲಗೈಯಲ್ಲಿ ಪದ್ಮ, ಮೇಲಿನ ಬಲಗೈಯಲ್ಲಿ ಶಂಖ, ಮೇಲಿನ ಎಡಗೈಯಲ್ಲಿ ಚಕ್ರ, ಕೆಳಗಿನ ಎಡಗೈಯಲ್ಲಿ ಗದೆ ಇದ್ದರೆ ಅವನು ಕೇಶವ. ಅದೇ ಕ್ರಮದಲ್ಲಿ ಶಂಖ, ಪದ್ಮ, ಗದೆ, ಚಕ್ರಗಳಿದ್ದರೆ ನಾರಾಯಣ. ನಾಲ್ಕು ವಸ್ತುಗಳನ್ನು ನಾಲ್ಕು ಕೈಗಳಲ್ಲಿ ಇಪ್ಪತ್ತನಾಲ್ಕು ರೀತಿಯಲ್ಲಿ ಮಾತ್ರ ಹಂಚಬಹುದು. ಆದ್ದರಿಂದ ಇಪ್ಪತ್ತನಾಲ್ಕು ಮೂರ್ತಿಗಳು. ಹೊಯ್ಸಳರ ವೈಷ್ಣವ ದೇವಾಲಯಗಳ ಗೋಡೆಗಳಲ್ಲಿ ಈ ಮೂರ್ತಿಗಳು ಮತ್ತೆ ಮತ್ತೆ ಬರುತ್ತವೆ. ಒಬ್ಬ ರೂವಾರಿ ತನ್ನ ಜೀವಮಾನದಲ್ಲಿ ಇವನ್ನು ಎಷ್ಟು ಬಾರಿ ಕಡೆದಿರಬೇಕು! ನಿಂತ ನಿಲುವು ಅದೇ, ಕಿರೀಟ ಅದೇ, ಆಯುಧಗಳು ಅವೇ. ಒಂದು ಆಯುಧ ಸ್ಥಾನ ತಪ್ಪಿದರೆ ದೇವರೇ ಬೇರೆಯಾದಾನು.

ಇಷ್ಟೆಲ್ಲ ಕಟ್ಟಳೆಯನ್ನು ಪಾಲಿಸಿದ ಮೇಲೆ ರೂವಾರಿಗೆ ಉಳಿಯುವುದು ಏನು? ಬೆರಳಿನ ಬಾಗು ಉಳಿಯುತ್ತದೆ. ದೇಹದ ಭಾರ ಯಾವ ಕಾಲಿನ ಮೇಲೆ ಎಷ್ಟು ಬಿತ್ತು ಎಂಬುದು ಉಳಿಯುತ್ತದೆ. ಹಾರ ಎದೆಯ ಮೇಲೆ ಕುಳಿತ ಬಗೆ, ತುಟಿಯ ಕೊನೆಯ ಆಳ, ಮೇಲಿನ ಬಳ್ಳಿಯ ತೋರಣ ಸುರುಳಿಗೊಳ್ಳುವ ವೇಗ, ಇವೆಲ್ಲ ಉಳಿಯುತ್ತವೆ. ಶಾಸ್ತ್ರ ಅಂಗುಲದವರೆಗೆ ಬಂದು ನಿಲ್ಲುತ್ತದೆ. ಅಂಗುಲದೊಳಗಿನದು ಕೈಗೆ ಸೇರಿದ್ದು. ಆ ಕೈಗೆ ಹೊಯ್ಸಳರ ನಾಡಿನ ಬಳಪದ ಕಲ್ಲು ದೊರೆತದ್ದೂ ಭಾಗ್ಯವೇ. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಬಾದಾಮಿಯ ಮರಳುಗಲ್ಲಿನಲ್ಲಾಗಲಿ ಬೆಣಚುಗಲ್ಲಿನಲ್ಲಾಗಲಿ ಉಗುರಿನಷ್ಟು ಸಣ್ಣ ಕೆಲಸ ಇಷ್ಟು ಸಲೀಸಾಗಿ ಬರುವುದಿಲ್ಲ. ಬಳಪದ ಕಲ್ಲು ಕೈಯ ಸಣ್ಣ ನಡುಕವನ್ನೂ ಸಣ್ಣ ಧೈರ್ಯವನ್ನೂ ಹಾಗೆಯೇ ಹಿಡಿದಿಟ್ಟುಕೊಳ್ಳುತ್ತದೆ.

ಈಗ ಮತ್ತೆ ನುಗ್ಗೇಹಳ್ಳಿಗೆ ಹೋಗೋಣ. ಒಬ್ಬನೇ ದಂಡನಾಯಕನ ಹಣ, ಒಂದೇ ಗುಡಿ, ಒಂದೇ ಕಲ್ಲು, ಒಂದೇ ಶಾಸ್ತ್ರ, ಒಂದೇ ಕಾಲ. ವಿಜ್ಞಾನಿ ತನ್ನ ಪ್ರಯೋಗಶಾಲೆಯಲ್ಲಿ ಇದಕ್ಕಿಂತ ಚೆನ್ನಾಗಿ ಏರ್ಪಾಡು ಮಾಡಲಾರ. ವ್ಯತ್ಯಾಸ ಕೈಯದು ಮಾತ್ರ. ತೆಂಕಣ ಗೋಡೆಯ ಬೈಚೋಜನ ಮೂರ್ತಿಗಳು ಗಂಭೀರ. ಅವುಗಳಿಗೆ ಒಂದು ನಿಲುಗಡೆ ಇದೆ, ಒಳಗಿನ ಸಮಾಧಾನವಿದೆ. ನುಣುಪು ಮಾಡಿ ಮುಗಿಸಿದ ಕೆಲಸ. ಬಡಗಣ ಗೋಡೆಯ ಮಲ್ಲಿತಮ್ಮನ ಮೂರ್ತಿಗಳಲ್ಲಿ ಅಷ್ಟು ನಯವಿಲ್ಲ. ಆದರೆ ಅವುಗಳಲ್ಲಿ ಚೈತನ್ಯ ತುಳುಕುತ್ತದೆ. ನೋಡಿ ತಿರುಗಿದರೆ ಬೆನ್ನ ಹಿಂದೆ ಅವು ಕದಲಿದಂತೆ ಭಾಸವಾಗುತ್ತದೆ. ಬೈಚೋಜನನ್ನು ನೋಡಿ ಕೈ ಮುಗಿಯಬೇಕೆನಿಸುತ್ತದೆ. ಮಲ್ಲಿತಮ್ಮನನ್ನು ನೋಡಿ ಮಾತನಾಡಿಸಬೇಕೆನಿಸುತ್ತದೆ. ಹೊಯ್ಸಳ ಶಿಲ್ಪವನ್ನು ಅಭ್ಯಾಸಮಾಡಿದ ಡಚ್ ವಿದ್ವಾಂಸ ಗೆರಾರ್ಡ್ ಫೂಕೆಮಾ ಅವರೂ ಈ ಎರಡು ಕೈಗಳ ಭೇದವನ್ನು ಹೀಗೆಯೇ ಗುರುತಿಸಿದ್ದಾರೆ. ಯಾರು ಹೆಚ್ಚು, ಯಾರು ಕಡಿಮೆ ಎಂದು ತೂಗುವ ಕೆಲಸ ನನ್ನದಲ್ಲ. ಆದರೆ ಒಂದನ್ನು ಗಮನಿಸಬೇಕು. ಮಲ್ಲಿತಮ್ಮನ ಕೊರತೆಯೂ ಅವನ ಗುಣವೂ ಒಂದೇ ಬೇರಿನವು. ಬೈಚೋಜನ ನುಣುಪನ್ನು ಅವನು ಎರವಲು ತಂದಿದ್ದರೆ ತನ್ನ ಲವಲವಿಕೆಯನ್ನು ಕಳೆದುಕೊಳ್ಳುತ್ತಿದ್ದನೋ ಏನೋ. ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಘನ ಶಿಲ್ಪಿಯನ್ನು ದಿನವೂ ಕಾಣುತ್ತಿದ್ದೂ ಅವನು ತನ್ನ ಕೈಯನ್ನು ಬಿಡಲಿಲ್ಲ.

ಈ ಮಲ್ಲಿತಮ್ಮನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ತರೀಕೆರೆಯ ಬಳಿಯ ಅಮೃತಾಪುರದಲ್ಲಿ, ವೀರಬಲ್ಲಾಳನ ದಂಡನಾಯಕ ೧೧೯೬ರಲ್ಲಿ ಕಟ್ಟಿಸಿದ ಅಮೃತೇಶ್ವರ ಗುಡಿಯ ಮಂಟಪದ ಒಳಮಾಳಿಗೆಗಳಲ್ಲಿ ಅವನ ಕೆಲಸ ಮೊದಲು ಕಾಣುತ್ತದೆ. ಅದೇ ಗುಡಿಯ ಶಾಸನದ ಪದ್ಯಗಳನ್ನು ರಚಿಸಿದವನು ಜನ್ನ; 'ಯಶೋಧರಚರಿತೆ'ಯನ್ನು ಅವನಿನ್ನೂ ಬರೆದಿರಲಿಲ್ಲ. ಮುಂದೆ ಕವಿಚಕ್ರವರ್ತಿಯೆನಿಸಿದವನೂ ಮುಂದೆ ಹೊಯ್ಸಳ ನಾಡಿನ ಹೆಸರಾಂತ ರೂವಾರಿಯಾದವನೂ ತಮ್ಮ ಮೊದಲ ದಿನಗಳಲ್ಲಿ ಒಂದೇ ಗುಡಿಗೆ ದುಡಿದರು ಎಂಬುದನ್ನು ನೆನೆದರೆ ಮನಸ್ಸಿಗೆ ಹಿತವಾಗುತ್ತದೆ. ೧೨೩೫ರ ಸುಮಾರಿಗೆ ಅರಸೀಕೆರೆಯ ಬಳಿಯ ಹಾರನಹಳ್ಳಿಯಲ್ಲಿ, ೧೨೪೬ರಲ್ಲಿ ನುಗ್ಗೇಹಳ್ಳಿಯಲ್ಲಿ, ಕೊನೆಗೆ ೧೨೫೮ರಲ್ಲಿ ಪ್ರತಿಷ್ಠೆಗೊಂಡ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಅದೇ ಹೆಸರು ಬರುತ್ತದೆ. ಸೋಮನಾಥಪುರದಲ್ಲಿ ಹೆಸರು ಕೊರೆದ ಶಿಲ್ಪಿಗಳಲ್ಲಿ ಅವನದೇ ಸಿಂಹಪಾಲು. ಸುಮಾರು ನಲವತ್ತು ಮೂರ್ತಿಗಳು ಅವನ ಲೆಕ್ಕಕ್ಕೆ ಸೇರುತ್ತವೆ.

ಇಲ್ಲಿ ಇತಿಹಾಸಕಾರ ಒಂದು ಎಚ್ಚರಿಕೆ ಹೇಳಲೇಬೇಕು. ೧೧೯೬ರಿಂದ ೧೨೫೮ಕ್ಕೆ ೬೨ ವರ್ಷ. ಇಪ್ಪತ್ತರ ಹರೆಯದಲ್ಲಿ ಅಮೃತಾಪುರದಲ್ಲಿ ಉಳಿ ಹಿಡಿದವನಿಗೆ ಸೋಮನಾಥಪುರದ ಪ್ರತಿಷ್ಠೆಯ ವೇಳೆಗೆ ಎಂಬತ್ತು ದಾಟಿರುತ್ತದೆ. ಅದು ಅಸಾಧ್ಯವಲ್ಲ, ಆದರೆ ತಾತನ ಹೆಸರನ್ನು ಮೊಮ್ಮಗನಿಗಿಡುವ ನಾಡು ನಮ್ಮದು. ಅಲ್ಲದೆ ದೊಡ್ಡ ಓಜನ ಹೆಸರಿನ ಹಿಂದೆ ಮಕ್ಕಳು, ಅಳಿಯಂದಿರು, ಶಿಷ್ಯರು ಇರುತ್ತಿದ್ದರು. ನಲವತ್ತು ಮೂರ್ತಿಗಳ ಪ್ರತಿ ಉಳಿಯೇಟೂ ಒಬ್ಬನದೇ ಎಂದು ಭಾವಿಸಬೇಕಾಗಿಲ್ಲ. ಹಾಗಿದ್ದರೂ ನನ್ನ ಮಾತಿಗೆ ಬಾಧಕವಿಲ್ಲ. ಕೈಗುಣ ಮನೆತನದಲ್ಲಿ ಇಳಿದು ಬರುವುದೂ ಉಂಟು. ಒಬ್ಬನ ಕೈ ಹತ್ತು ಜನರ ಕೈಯಾಗಿ, ಆ ಹತ್ತು ಕೈಗಳ ಕೆಲಸವನ್ನು ನೋಡಿದವರು 'ಇದು ಮಲ್ಲಿತಮ್ಮನದು' ಎನ್ನುವಂತಾದರೆ, ಶೈಲಿ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷ್ಯ ಯಾವುದು?

ಅವನು ಹೆಸರು ಕೊರೆಯುತ್ತಿದ್ದ ಬಗೆಯೂ ಸ್ವಾರಸ್ಯವಾದದ್ದು. ಪೂರ್ಣ ಹೆಸರಿನ ಬದಲು 'ಮಲ್ಲಿ' ಎಂದಷ್ಟೇ ಕೊರೆದು ಬಿಟ್ಟದ್ದುಂಟು; ಇನ್ನೂ ಕೆಲವೆಡೆ ಬರಿಯ 'ಮ' ಎಂಬ ಒಂದೇ ಅಕ್ಷರ. ಬೇಲೂರಿನ ರೂವಾರಿಗಳ ಬಿರುದಾವಳಿಯ ಪಕ್ಕದಲ್ಲಿ ಈ ಒಂದಕ್ಷರವನ್ನು ಇಟ್ಟು ನೋಡಿ. ಕೆಲಸದ ಆತುರದಲ್ಲಿ ಹಾಗೆ ಮಾಡಿದನೋ, ಲೆಕ್ಕದ ಗುರುತಿಗಾಗಿ ಮಾಡಿದನೋ, ಹೇಗಾದರೂ ಇರಲಿ. ಅಷ್ಟೇ ಸಾಕೆಂದು ಅವನಿಗೆ ಅನಿಸಿರಬೇಕು. ಉಳಿದದ್ದನ್ನು ಮೂರ್ತಿಯೇ ಹೇಳುತ್ತಿತ್ತು.

ಅದೇ ಕಾಲದ ನಮ್ಮ ಕವಿಗಳತ್ತ ತಿರುಗಿದರೆ ಇನ್ನೊಂದು ವಿಷಯ ಹೊಳೆಯುತ್ತದೆ. ಬೇಲೂರಿನ ಗುಡಿ ಎದ್ದ ಶತಮಾನದಲ್ಲೇ ಕಲ್ಯಾಣದಲ್ಲಿ ವಚನಗಳು ಹುಟ್ಟಿದವು. ವಚನಕಾರರು ತಮ್ಮ ಹೆಸರನ್ನು ಮರೆಮಾಡಿ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟರು. ರೂವಾರಿಗಳು ದೇವರ ರೂಪವನ್ನು ಕಡೆದು ಅದರ ಪಾದದ ಬಳಿ ತಮ್ಮ ಹೆಸರಿಟ್ಟರು. ಒಬ್ಬರು ಹೆಸರನ್ನು ದೇವರಲ್ಲಿ ಕರಗಿಸಿದರು, ಮತ್ತೊಬ್ಬರು ದೇವರ ಅಡಿಯಲ್ಲಿ ಉಳಿಸಿದರು. ಆದರೆ ಅಂಕಿತವನ್ನು ಮುಚ್ಚಿ ಓದಿದರೂ ಬಸವಣ್ಣನವರ ವಚನ ಯಾವುದು, ಅಲ್ಲಮನದು ಯಾವುದು ಎಂದು ಓದುಬಲ್ಲವರು ಹೇಳುತ್ತಾರೆ. ಹರಿಹರ ಮತ್ತು ರಾಘವಾಂಕರ ಐತಿಹ್ಯ ನಿಮಗೆ ತಿಳಿದೇ ಇದೆ. ಸೋದರಮಾವನೂ ಗುರುವೂ ಆದ ಹರಿಹರನು ರಗಳೆಯಲ್ಲಿ ಬರೆದ. ಶಿಷ್ಯ ಷಟ್ಪದಿಯನ್ನು ಹಿಡಿದ. ಅವನು ಹರಿಶ್ಚಂದ್ರನೆಂಬ ಮನುಷ್ಯನನ್ನು ಹಾಡಿದ್ದಕ್ಕೆ ಗುರು ಮುನಿದನಂತೆ. ಕಥೆಯ ನಿಜ ಹೇಗಾದರೂ ಇರಲಿ. ಗುರುವಿನ ಬಳಿ ಪೂರ್ತಿಯಾಗಿ ಕಲಿತವನಿಗೆ ಮಾತ್ರ ಗುರುವಿಗಿಂತ ಬೇರೆಯಾಗುವ ಅಧಿಕಾರ ಬರುತ್ತದೆ ಎಂಬುದನ್ನು ನಮ್ಮ ಹಿರಿಯರು ಅರಿತಿದ್ದರು.

ಆದರೆ ನಮ್ಮ ಜನಮನ ರೂವಾರಿಗಳ ವಿಷಯದಲ್ಲಿ ಒಂದು ವಿಚಿತ್ರವನ್ನು ಎಸಗಿತು. ಬೇಲೂರಿನ ಗುಡಿಯನ್ನು ಕಟ್ಟಿದವರು ಯಾರು ಎಂದು ನಾಡಿನ ಯಾವ ಮಗುವನ್ನು ಕೇಳಿದರೂ ಜಕಣಾಚಾರಿ ಎನ್ನುತ್ತದೆ. ತಂದೆ ಕಡೆದ ಮೂರ್ತಿಯಲ್ಲಿ ದೋಷವಿದೆಯೆಂದು ಮಗ ಡಂಕಣಾಚಾರಿ ತೋರಿಸಿದ್ದು, ಕಲ್ಲಿನೊಳಗಿಂದ ಕಪ್ಪೆ ಹೊರಬಿದ್ದದ್ದು, ತಂದೆ ಕೈ ಕಡಿದುಕೊಂಡದ್ದು, ಎಲ್ಲವೂ ಎಷ್ಟು ಹೃದ್ಯವಾದ ಕಥೆ! ಆದರೆ ಬೇಲೂರಿನ ಕಲ್ಲುಗಳಲ್ಲಿ ಕೊರೆದಿರುವ ಶಿಲ್ಪಿಗಳ ಹೆಸರುಗಳಲ್ಲಿ ಜಕಣಾಚಾರಿ ಇಲ್ಲ. ಕಲ್ಲಿನಲ್ಲಿಲ್ಲದ ಹೆಸರನ್ನು ನಾವು ನೆನಪಿಟ್ಟುಕೊಂಡೆವು. ಕಲ್ಲಿನಲ್ಲಿದ್ದ ದಾಸೋಜ, ಚಾವಣ, ಬೈಚೋಜ, ಮಲ್ಲಿತಮ್ಮರನ್ನು ಮರೆತೆವು. ಕಥೆಯ ಮೇಲೆ ನನಗೆ ಕೋಪವಿಲ್ಲ. ತಂದೆಯ ಕೆಲಸದಲ್ಲಿ ಮಗ ಕುಂದು ಕಂಡುಹಿಡಿಯುವ ಆ ಕಥೆಯಲ್ಲಿಯೂ ನಮ್ಮ ಇಂದಿನ ವಿಷಯವೇ ಅಡಗಿದೆ. ಆದರೆ ಬೇಲೂರಿನಲ್ಲಿ ದಾಸೋಜ ಮತ್ತು ಚಾವಣರೆಂಬ ನಿಜವಾದ ತಂದೆಮಕ್ಕಳು ಒಂದೇ ಗುಡಿಯ ಮದನಿಕೆಯರನ್ನು ಕಡೆದು, ತಮ್ಮ ತಮ್ಮ ಹೆಸರನ್ನು ಬೇರೆ ಬೇರೆಯಾಗಿ ಕೊರೆದಿದ್ದಾರೆ. ಅಲ್ಲಿ ಯಾರೂ ಕೈ ಕಡಿದುಕೊಳ್ಳಲಿಲ್ಲ. ತಂದೆ ಕಲಿಸಿದ, ಮಗ ಕಲಿತ, ಮಗನ ಕೈ ಮಗನದೇ ಆಯಿತು. ದಂತಕಥೆಗಿಂತ ಈ ನಿಜ ನನಗೆ ಹೆಚ್ಚು ಪ್ರಿಯ.

೨೦೨೩ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸಂತೋಷದ ವಿಷಯ. ನೋಡಲು ಬರುವವರು ಹೆಚ್ಚುತ್ತಾರೆ. ಅವರಲ್ಲಿ ಒಬ್ಬಿಬ್ಬರಾದರೂ ಗೋಪುರವನ್ನು ನೋಡಿ ಮುಗಿಸಿದ ಮೇಲೆ ಬಗ್ಗಿ ಪೀಠದ ಅಂಚನ್ನೂ ನೋಡಿದರೆ ಆ ರೂವಾರಿಗಳ ಋಣ ಸ್ವಲ್ಪ ತೀರುತ್ತದೆ. ನುಗ್ಗೇಹಳ್ಳಿ ಆ ಪಟ್ಟಿಯಲ್ಲಿಲ್ಲ; ಆದರೂ ಹೋಗಿಬನ್ನಿ. ಗುಡಿಯನ್ನು ಒಂದು ಸುತ್ತು ಬಲಬಂದರೆ ಎರಡು ಮನಸ್ಸುಗಳನ್ನು ದಾಟಿ ಬಂದ ಅನುಭವವಾಗುತ್ತದೆ.

ಸ್ವಂತ ಶೈಲಿ ಇನ್ನೂ ಬರಲಿಲ್ಲವೆಂದು ಕಳವಳಪಡುವ ತರುಣರಿಗೆ ನಾನು ಹೇಳಬಹುದಾದದ್ದು ಇಷ್ಟೆ. ಮಲ್ಲಿತಮ್ಮ ಶೈಲಿಯನ್ನು ಅರಸಿ ಹೊರಟವನಲ್ಲ. ಅವನು ಕೇಶವನನ್ನು ಕಡೆದ, ನಾರಾಯಣನನ್ನು ಕಡೆದ, ಮತ್ತೆ ಕೇಶವನನ್ನು ಕಡೆದ. ಕಟ್ಟಳೆಯನ್ನು ಮುರಿಯಲಿಲ್ಲ. ಅಷ್ಟು ಸಲ ಪಾಲಿಸಿದ ಮೇಲೂ ಪ್ರತಿ ಮೂರ್ತಿಯಲ್ಲಿ ಯಾವುದೋ ಒಂದು ಅಂಶ ಅವನ ಹಾಗೆಯೇ ಆಗುತ್ತಿತ್ತು. ಅದನ್ನು ಮೊದಲು ಕಂಡವನು ಅವನೇ ಆಗಿರಲಾರ. ಪಕ್ಕದಲ್ಲಿ ಉಳಿ ಹಿಡಿದು ನಿಂತಿದ್ದ ಬೈಚೋಜ ಕಂಡಿರಬೇಕು. ನಮ್ಮ ದನಿಯನ್ನು ನಾವು ಕೇಳುವುದಕ್ಕಿಂತ ಮೊದಲು ಇತರರು ಕೇಳುತ್ತಾರಲ್ಲವೆ?

ಆ ಬಡಗಿಯ ಮನೆಯ ಹುಡುಗನಿಗೆ ನಾನು ಮರುದಿನವೇ ತರಗತಿಯಲ್ಲಿ ಎಲ್ಲರ ಮುಂದೆ, "ನೀನು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು" ಎನ್ನಬೇಕಾಗಿತ್ತು. ಎನ್ನಲಿಲ್ಲ, ಮೇಷ್ಟರ ಅಭಿಮಾನ ಅಡ್ಡ ಬಂದಿತು. ಮುಂದಿನ ವರ್ಷದಿಂದ ಪಾಠವನ್ನು ತಿದ್ದಿಕೊಂಡೆ; ಅವನು ಆ ಹೊತ್ತಿಗೆ ಕಾಲೇಜು ಬಿಟ್ಟು ತಂದೆಯ ಕಸುಬಿಗೆ ಹೋಗಿದ್ದ. ಎಲ್ಲಿಯೋ ಒಂದು ಊರಿನಲ್ಲಿ ಅವನು ಕೂಡಿಸಿದ ಬಾಗಿಲುವಾಡಗಳು ಇರಬೇಕು. ಅವುಗಳ ಮೇಲೆ ಹೆಸರು ಇರಲಾರದು. ಆದರೆ ಕಣ್ಣಿದ್ದವರು ನೋಡಿದರೆ ಇದು ಇಂಥವನ ಕೈ ಎಂದು ಹೇಳಿಯಾರು.

(ಬಾನುಲಿ ಭಾಷಣ)